ಏಟು ಬಿದ್ದ ಮೇಲಿನ ದೃಶ್ಯ



ಸಮಾಜದ ಹಿಂಸೆ ಮತ್ತು ಅದನ್ನು ತೋರಿಸುವ ಸಿನಿಮಾ, ಪತ್ರಿಕೆ, ಟಿವಿಗಳ ಬಗ್ಗೆ ಮಾತಾಡಿ ಎಂದು ಈ ಸಭೆಯ ಸಂಘಟಕರು ಕೇಳಿದಾಗ ಅವರು ಬಯಸಿದ ಉತ್ತರ ಯಾವುದೆಂದು ಊಹಿಸುವುದು ಕಷ್ಟವಾಗಲಿಲ್ಲ. ಮಚ್ಚು ಲಾಂಗಿನ ಸಿನಿಮಾ ನೋಡಿ ಹುಡುಗರು ಹಾಳಾಗುತ್ತಿದ್ದಾರೆ, ಚಾನೆಲ್‌ನವರು ಉರಿಯುವ ಬೆಂಕಿಗೆ ತುಪ್ಪ ಸುರಿಯುತ್ತಿದ್ದಾರೆ, ಸೆನ್ಸಾರ್ ಮಂಡಳಿ ಕಣ್ಣುಮುಚ್ಚಿ ಕೂತಿದೆ. ಇಷ್ಟು ಹೇಳಿ ಕೂತರೆ ಚಪ್ಪಾಳೆಗೆ ಮೋಸವಿಲ್ಲ. ಆ ಭಾಷಣ ನನ್ನಿಂದ ಆಗದು. 1991ರ ಡಿಸೆಂಬರಿನಲ್ಲಿ ಕಾವೇರಿ ನೀರಿನ ಗಲಭೆ ನಡೆದಾಗ ಕನ್ನಡದಲ್ಲಿ ಒಂದೂ ಖಾಸಗಿ ಸುದ್ದಿ ವಾಹಿನಿ ಇರಲಿಲ್ಲ. ರೌಡಿಗಳ ಕಥೆಯ ‘ಓಂ’ ಸಿನಿಮಾ ಬರಲು ಇನ್ನೂ ಮೂರು ವರ್ಷಕ್ಕೂ ಹೆಚ್ಚು ಬಾಕಿಯಿತ್ತು. ಮೊಬೈಲು ಯಾರ ಕೈಯಲ್ಲೂ ಇರಲಿಲ್ಲ. ಆದರೂ ಮನೆಗಳು ಸುಟ್ಟವು, ಜನ ಸತ್ತರು, ಸಾವಿರಾರು ತಮಿಳು ಕುಟುಂಬಗಳು ಊರು ಬಿಟ್ಟವು. ಪಕ್ಕದ ಮನೆಗೆ ಬೆಂಕಿ ಇಡುವುದನ್ನು ಯಾರೂ ಟಾಕೀಸಿನಲ್ಲಿ ಕಲಿತು ಬರಬೇಕಾಗಿರಲಿಲ್ಲ.

ಹಾಗಾದರೆ ತೋರಿಸುವವರ ತಪ್ಪೇನೂ ಇಲ್ಲವೇ? ಇದೆ. ಅದು ನಾವು ಸಾಮಾನ್ಯವಾಗಿ ಬೆರಳು ತೋರಿಸುವ ಕಡೆ ಇಲ್ಲ, ಅಷ್ಟೆ. ಪರದೆಯ ಮೇಲೆ ಎಷ್ಟು ರಕ್ತ ಹರಿಯಿತು ಎಂದು ನಾವು ಅಳೆಯುತ್ತೇವೆ. ಏಟು ಬಿದ್ದ ಮೇಲೆ ಏನಾಯಿತು ಎಂಬ ದೃಶ್ಯ ಅಲ್ಲಿ ಇದೆಯೇ ಇಲ್ಲವೇ ಎಂದು ಮಾತ್ರ ಕೇಳುವುದಿಲ್ಲ. ನನ್ನ ಇಂದಿನ ಮಾತೆಲ್ಲ ಆ ಕಾಣೆಯಾದ ದೃಶ್ಯದ ಬಗ್ಗೆ.

ಕನ್ನಡ ನಾಡಿನಲ್ಲಿ ಹಿಂಸೆಯನ್ನು ತೋರಿಸುವ ಕಸುಬು ಬಹಳ ಹಳೆಯದು. ಊರೂರಿನ ವೀರಗಲ್ಲುಗಳನ್ನು ನೋಡಿ. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ಸತ್ತವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ಬೆಂಗಳೂರಿನ ಹೆಸರು ಮೊದಲು ಸಿಗುವುದೇ ಬೇಗೂರಿನ ಒಂಬತ್ತನೆಯ ಶತಮಾನದ ಕೊನೆಯ ವೀರಗಲ್ಲೊಂದರಲ್ಲಿ, ಅದೂ ಒಂದು ಕಾಳಗದಲ್ಲಿ ಸತ್ತವನ ಸುದ್ದಿಯಾಗಿ. ಈ ಮಹಾನಗರದ ಮೊದಲ ವರದಿ ಕ್ರೈಂ ವರದಿ ಎಂದು ಪತ್ರಕರ್ತ ಗೆಳೆಯರು ಬೇಕಾದರೆ ಹೆಮ್ಮೆಪಡಬಹುದು. ವೀರಗಲ್ಲಿನಲ್ಲಿ ಬಿದ್ದವನು ಬಿದ್ದ ಕೂಡಲೇ ಕೈಲಾಸ ಸೇರುತ್ತಾನೆ. ಮನೆಯಲ್ಲಿ ಉಳಿದವರ ಗತಿ ಆ ಕಲ್ಲಿನಲ್ಲಿ ಇಲ್ಲ. ಅದಕ್ಕೆ ಬೇರೆ ಕಲ್ಲಿದೆ: ಬಳೆ ತೊಟ್ಟ ಒಂದು ತೋಳು ಮೇಲೆತ್ತಿ ನಿಂತ, ಸತಿ ಹೋದವಳ ಮಾಸ್ತಿಕಲ್ಲು. ಒಂದು ಕಲ್ಲಿನ ಮುಂದೆ ನಿಂತವರಿಗೆ ಇನ್ನೊಂದನ್ನೂ ನೋಡಬೇಕೆಂಬ ನೆನಪು ಇರಬೇಕಾಗುತ್ತದೆ.

ಕಲ್ಲು ಬಿಟ್ಟದ್ದನ್ನು ಕವಿಗಳು ಬಿಡಲಿಲ್ಲ. ರನ್ನನ ಗದಾಯುದ್ಧವನ್ನು ನಾವು ವೀರರಸಕ್ಕಾಗಿ ಓದಿಸುತ್ತೇವೆ. ಆದರೆ ಗದೆಗೆ ಗದೆ ತಾಗುವುದಕ್ಕೆ ಬಹಳ ಮೊದಲೇ ದುರ್ಯೋಧನನನ್ನು ಆತ ಸಂಜಯನೊಡನೆ ರಣರಂಗದ ಹೆಣಗಳ ನಡುವೆ ನಡೆಸುತ್ತಾನೆ. ದ್ರೋಣ ಅಲ್ಲಿದ್ದಾನೆ, ಅಭಿಮನ್ಯು ಅಲ್ಲಿದ್ದಾನೆ, ಸ್ವಂತ ಮಗ ಲಕ್ಷಣಕುಮಾರ ಅಲ್ಲಿದ್ದಾನೆ, ದುಶ್ಶಾಸನ, ಕರ್ಣ ಎಲ್ಲರೂ ಬಿದ್ದಿದ್ದಾರೆ. ಒಬ್ಬೊಬ್ಬರ ಮುಂದೆ ನಿಂತು ದುರ್ಯೋಧನ ಅಳುತ್ತಾನೆ. ಆ ನಡಿಗೆ ಮುಗಿದ ಮೇಲೆ ನಡೆಯುವ ಗದಾಯುದ್ಧದಲ್ಲಿ ಶಿಳ್ಳೆ ಹೊಡೆಯುವ ಮನಸ್ಸು ಓದುಗನಿಗೆ ಉಳಿದಿರುವುದಿಲ್ಲ. ಸಾವಿರ ವರ್ಷದ ಹಿಂದಿನ ಆಸ್ಥಾನ ಕವಿಗೆ, ಗೆದ್ದ ಭೀಮನ ಜೊತೆ ತನ್ನ ದೊರೆಯನ್ನೇ ಸಮೀಕರಿಸಿ ಬರೆಯುತ್ತಿದ್ದವನಿಗೆ, ಇದನ್ನು ಬಿಡಬಾರದು ಅನ್ನಿಸಿತ್ತು.

ಜನ್ನ ಇನ್ನೂ ಮುಂದೆ ಹೋದ. 1209ರ ಯಶೋಧರ ಚರಿತೆಯನ್ನು ನಮ್ಮ ಇಂದಿನ ವಿಷಯಕ್ಕೆಂದೇ ಬರೆದಂತಿದೆ. ಹೆಂಡತಿ ಅಮೃತಮತಿ ಮಾವುತನ ಬಳಿ ಹೋಗುವುದನ್ನು ಯಶೋಧರ ಕಂಡ. ಕತ್ತಿಗೆ ಕೈ ಹೋಯಿತು, ತಡೆದುಕೊಂಡ. ತಾಯಿಗೆ ಕೆಟ್ಟ ಕನಸೆಂದು ಸುಳ್ಳು ಹೇಳಿದ. ತಾಯಿ ದೇವಿಗೆ ಬಲಿ ಕೊಡು ಎಂದಳು. ಜೀವಬಲಿ ಬೇಡವೆಂದು ಅವನ ಹಟ, ಬಲಿ ಬೇಕೇ ಬೇಕೆಂದು ಅವಳ ಹಟ. ಕೊನೆಗೆ ಹಿಟ್ಟಿನ ಕೋಳಿಯೊಂದನ್ನು ಮಾಡಿ ಕಡಿಯುವುದೆಂದು ರಾಜಿಯಾಯಿತು. ಕತ್ತಿ ಬಿದ್ದಾಗ ಆ ಹಿಟ್ಟಿನ ಕೋಳಿ ಕೂಗಿತು! ಅಲ್ಲಿಂದಾಚೆಗೆ ತಾಯಿ ಮಗ ಇಬ್ಬರೂ ವಿಷ ಉಂಡು ಸತ್ತು ನವಿಲಾಗಿ, ನಾಯಾಗಿ, ಜನ್ಮಜನ್ಮಾಂತರ ತಿರುಗುತ್ತಾರೆ. ಏಟು ಒಂದು ಕ್ಷಣದ್ದು, ಉಳಿದ ಕಾವ್ಯವೆಲ್ಲ ಏಟಿನ ನಂತರದ್ದು. ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ ಬರೆದದ್ದು ಇದೇ ಕಥೆಯನ್ನು ಹಿಡಿದು.

ಸಿನಿಮಾದವರನ್ನು ಕೇಳಿದರೆ ಅವರ ಉತ್ತರ ಯಶೋಧರನದೇ: ಇದು ಹಿಟ್ಟಿನ ಕೋಳಿ ಸ್ವಾಮಿ, ರಕ್ತ ಬಣ್ಣದ ನೀರು, ಮಚ್ಚು ರಬ್ಬರಿನದು. ಜನ್ನನ ಜೈನ ನಿಷ್ಠೆ ಆ ಉತ್ತರವನ್ನು ಒಪ್ಪುವುದಿಲ್ಲ, ಸಂಕಲ್ಪವೇ ಹಿಂಸೆ ಎನ್ನುತ್ತದೆ. ನಾನು ಅಷ್ಟು ದೂರ ಹೋಗಲಾರೆ. ಹೋದರೆ ಕೊಲೆಯ ಕಥೆ ಬರೆದ ಜನ್ನನನ್ನೂ ಕಟಕಟೆಗೆ ಹತ್ತಿಸಬೇಕಾದೀತು. ನನಗೆ ಬೇಕಾದದ್ದು ಕೋಳಿಯ ಕೂಗು. ಕಡಿದಾಗ ಅದು ಕೂಗುತ್ತದೆಯೇ? ಪರದೆಯ ಹಿಂಸೆಗೆ ನಾನು ಇಡುವ ಪರೀಕ್ಷೆ ಇದೊಂದೇ.

ಕನ್ನಡ ಚಿತ್ರರಂಗದಲ್ಲಿ ಕೂಗಿದ ಕೋಳಿಗಳಿವೆ. 1977ರ ‘ಘಟಶ್ರಾದ್ಧ’ದಲ್ಲಿ ಒಂದೂ ಫೈಟ್ ಇಲ್ಲ. ಅನಂತಮೂರ್ತಿಯವರ ಕಥೆ, ಗಿರೀಶ ಕಾಸರವಳ್ಳಿಯವರ ಚಿತ್ರ. ಗರ್ಭಿಣಿ ವಿಧವೆ ಯಮುನಾಳಿಗೆ ಅಗ್ರಹಾರ ಮಾಡುವುದನ್ನೆಲ್ಲ ನಾಣಿಯೆಂಬ ಹುಡುಗ ನೋಡುತ್ತಾನೆ. ಬದುಕಿರುವವಳಿಗೆ ಶ್ರಾದ್ಧ ಮಾಡಿ, ತಲೆ ಬೋಳಿಸಿ, ಹೊರಗೆ ಹಾಕುತ್ತಾರೆ. ನಮ್ಮ ಅತಿ ಕ್ರೂರ ಚಿತ್ರ ಯಾವುದೆಂದು ಯಾರಾದರೂ ಕೇಳಿದರೆ ನಾನು ಇದರ ಹೆಸರೇ ಹೇಳುವುದು. ಇದು ಕಲಾತ್ಮಕ ಚಿತ್ರದ ಮಾತಾಯಿತು ಎನ್ನಬೇಡಿ. 2005ರ ‘ಜೋಗಿ’ ಹಾಡು ಕುಣಿತ ಲಾಂಗು ಎಲ್ಲ ಇದ್ದ, ಗಾಂಧಿಕ್ಲಾಸಿನವರು ಎದ್ದು ನಿಂತು ನೋಡಿದ ಚಿತ್ರ. ಅದರಲ್ಲಿ ಎಷ್ಟು ತಲೆ ಉರುಳಿದವೆಂದು ಇಂದು ಯಾರಿಗೂ ನೆನಪಿಲ್ಲ. ಅನಾಥ ಶವವೊಂದರ ಮುಂದೆ ಕುಣಿದ ಮಗನಿಗೆ ಅದು ತನ್ನ ತಾಯಿಯ ಹೆಣವೆಂದು ತಿಳಿಯುವ ಗಳಿಗೆ ಎಲ್ಲರಿಗೂ ನೆನಪಿದೆ. ಜನ ಏಟಿನ ನಂತರದ್ದನ್ನು ನೋಡಲಾರರು, ಅವರಿಗೆ ಬೋರಾಗುತ್ತದೆ ಎನ್ನುವ ನಿರ್ಮಾಪಕರಿಗೆ ‘ಜೋಗಿ’ಯ ಗಲ್ಲಾಪೆಟ್ಟಿಗೆಯೇ ಉತ್ತರ.

‘ಓಂ’ ಕಥೆ ಸ್ವಲ್ಪ ತೊಡಕಿನದು. 1995ರಲ್ಲಿ ಉಪೇಂದ್ರ ನಿಜವಾದ ರೌಡಿಗಳನ್ನೇ ಪರದೆಗೆ ತಂದರು. ಅರ್ಚಕರ ಮಗ ರೌಡಿಯಾಗುವ, ಹಾಗಾದದ್ದಕ್ಕೆ ಬೆಲೆ ತೆರುವ ಕಥೆ ಅದು. ಬೆಲೆಯ ಭಾಗ ಚಿತ್ರದಲ್ಲಿ ಇದೆ. ಆದರೆ ಆಮೇಲೆ ನೂರಾರು ಸಲ ಮರುಬಿಡುಗಡೆಯಾದ ಆ ಚಿತ್ರದಿಂದ ಗಾಂಧಿನಗರದ ಚಿತ್ರೋದ್ಯಮ ಎತ್ತಿಕೊಂಡದ್ದು ಲಾಂಗನ್ನು ಮಾತ್ರ. ಎಂಟ್ರಿ, ಬಿಲ್ಡಪ್, ಸ್ಲೋ ಮೋಷನ್ ಬೆಳೆದವು. ಅರ್ಚಕ ತಂದೆಯ ಮುಖ ಮರೆಯಾಯಿತು.

2022ರ ‘ಕೆ.ಜಿ.ಎಫ್. ಚಾಪ್ಟರ್ 2’ಕ್ಕೆ ಬರುವ ಹೊತ್ತಿಗೆ ನಾಯಕ ‘ದೊಡ್ಡಮ್ಮ’ ಎಂಬ ಹೆಸರಿನ ಮೆಷಿನ್ ಗನ್ನಿನಿಂದ ಪೊಲೀಸ್ ಠಾಣೆಯ ವಾಹನಗಳನ್ನು ಪುಡಿ ಮಾಡಿ, ಕೆಂಪಗೆ ಕಾದ ನಳಿಕೆಯಲ್ಲಿ ಸಿಗರೇಟು ಹಚ್ಚಿಕೊಳ್ಳುತ್ತಾನೆ. ಬಂದೂಕಿಗೆ ಕಟ್ಟಿದ ಸಂಬಂಧ ನೋಡಿ! ಅಮ್ಮನ ಅಕ್ಕ ಯಾವ ಮನೆಯಲ್ಲೂ ಅಷ್ಟು ಸಿಡಿದದ್ದನ್ನು ನಾನು ಕಂಡಿಲ್ಲ. ಛಾಯಾಗ್ರಹಣ, ಸಂಕಲನ, ಸಂಗೀತ ಎಲ್ಲದರಲ್ಲೂ ಆ ದೃಶ್ಯ ಅದ್ಭುತ ಕೆಲಸ. ಅದರ ಮುಂದೆ ನಾನೂ ಬಾಯಿ ಬಿಟ್ಟು ಕೂತಿದ್ದೇನೆ. ಆದರೆ ನಿಜವಾದ ಕೆ.ಜಿ.ಎಫ್., ಕೋಲಾರದ ಚಿನ್ನದ ಗಣಿ, ನೆನಪಾದಾಗ ಮನಸ್ಸು ಮುದುಡುತ್ತದೆ. ನೆಲದಿಂದ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು, ಒತ್ತಡಕ್ಕೆ ಬಂಡೆ ಸಿಡಿದು ಸತ್ತ ಗಣಿ ಕಾರ್ಮಿಕರು, ಕಲ್ಲಿನ ದೂಳು ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ಸಿನಿಂದ ಕೆಮ್ಮಿ ಕೆಮ್ಮಿ ಹೋದವರು, 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ದಿನಾ ಬೆಳಗ್ಗೆ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಬರುವ ಅವರ ಮಕ್ಕಳು. ಆ ಹಿಂಸೆಗೆ ಖಳನಾಯಕನ ಮುಖವಿಲ್ಲ, ಹಿನ್ನೆಲೆ ಸಂಗೀತವಿಲ್ಲ. ಅದು ನಡೆದದ್ದು ನೂರಿಪ್ಪತ್ತು ವರ್ಷ. ಮೂರು ಗಂಟೆಯ ಚಿತ್ರದಲ್ಲಿ ಅದಕ್ಕೆ ಜಾಗವಿಲ್ಲದಿದ್ದರೆ ನಿರ್ದೇಶಕರನ್ನು ದೂರಲಾರೆ. ಆದರೆ ಕೆ.ಜಿ.ಎಫ್. ಎಂದರೆ ಇಂದು ದೇಶಕ್ಕೆ ನೆನಪಾಗುವುದು ಆ ಗನ್ನು.

ಇನ್ನೊಂದು ಹಿಂಸೆಯನ್ನು ನಾವು ಹಿಂಸೆಯೆಂದೇ ಲೆಕ್ಕ ಹಾಕಿಲ್ಲ. 1976ರ ‘ಬಹದ್ದೂರ್ ಗಂಡು’ವಿನಿಂದ 1989ರ ‘ನಂಜುಂಡಿ ಕಲ್ಯಾಣ’ದವರೆಗೆ, ಅದರ ಆಚೆಗೂ, ಗರ್ವದ ಹೆಣ್ಣನ್ನು ಪಳಗಿಸುವ ಕಥೆಗಳಿಗೆ ಮನೆಮಂದಿಯೆಲ್ಲ ಕೂತು ನಕ್ಕಿದ್ದೇವೆ. ಅವು ಸಾಂಸಾರಿಕ ಚಿತ್ರಗಳು. ನಮ್ಮ ಜನಪ್ರಿಯ ಸಿನಿಮಾದಲ್ಲಿ ನಾಯಕ ನಾಯಕಿಯ ಕೆನ್ನೆಗೆ ಬಾರಿಸಿದರೆ ಮುಂದಿನ ದೃಶ್ಯದಲ್ಲಿ ಅವಳಿಗೆ ಬುದ್ಧಿ ಬಂದಿರುತ್ತದೆ, ಅದರ ಮುಂದಿನದು ಹಾಡು. ಏಟು ಬಿದ್ದ ಮೇಲಿನ ದೃಶ್ಯ ಇಲ್ಲಿ ಕಾಣೆಯಾಗಿಲ್ಲ, ಸುಳ್ಳಾಗಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನಲ್ಲಿ ಕರ್ನಾಟಕದ 18ರಿಂದ 49 ವಯಸ್ಸಿನ ವಿವಾಹಿತ ಮಹಿಳೆಯರಲ್ಲಿ ಶೇ. 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದರು. ಅದರ ಹಿಂದಿನ ಸುತ್ತಿನಲ್ಲಿ ಇದು ಶೇ. 20.6 ಇತ್ತು. ಇಷ್ಟು ಏರಿದ್ದು ಹಿಂಸೆಯೋ ಹೇಳುವ ಧೈರ್ಯವೋ, ಎರಡೂ ಇರಬಹುದು. ನನ್ನನ್ನು ಬೆಚ್ಚಿಬೀಳಿಸಿದ್ದು ಅದೇ ಸಮೀಕ್ಷೆಯ ಇನ್ನೊಂದು ಉತ್ತರ: ಕೆಲವು ಸಂದರ್ಭಗಳಲ್ಲಿ ಗಂಡ ಹೊಡೆಯುವುದು ಸರಿಯೆಂದ ಗಂಡಸರು ಶೇ. 81.9, ಹೆಂಗಸರು ಶೇ. 76.9. ಮಚ್ಚಿನ ಏಟು ಸರಿಯೆಂದು ಇಷ್ಟು ಜನ ಹೇಳಲಾರರು. ರಕ್ತದ ಚಿತ್ರಗಳನ್ನು ಬೈಯುವ ಹಿರಿಯರು ನಗುನಗುತ್ತಾ ನೋಡಿದ ಚಿತ್ರಗಳ ಕಡೆಗೂ ಒಮ್ಮೆ ತಿರುಗಿ ನೋಡಬೇಕು.

ಹಿಟ್ಟಿನ ಕೋಳಿಯ ಹೆಸರಿನಲ್ಲಿ ನಿಜವಾದ ಜೀವ ಹೋದದ್ದೂ ಉಂಟು. 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ‘ಮಾಸ್ತಿ ಗುಡಿ’ ಚಿತ್ರೀಕರಣಕ್ಕೆ ಹೆಲಿಕಾಪ್ಟರಿನಿಂದ ಧುಮುಕಿದ ಇಬ್ಬರು ಯುವ ಖಳನಟರು ಮುಳುಗಿ ಸತ್ತರು. ಅವರ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ಧುಮುಕುವ ಮುನ್ನ ಒಬ್ಬರು ತಮಗೆ ಸರಿಯಾಗಿ ಈಜು ಬಾರದೆಂದು ಟಿವಿಯವರ ಮುಂದೆ ಹೇಳಿದ್ದರು. ಆ ಮಾತು, ಆ ನೆಗೆತ, ನೀರಿನ ಮೇಲೆ ಕೈ ಬಡಿದದ್ದು, ಎಲ್ಲವನ್ನೂ ವಾಹಿನಿಗಳು ದಿನವಿಡೀ ತಿರುಗಾಮುರುಗಾ ಹಾಕಿದವು. 2021ರ ಆಗಸ್ಟ್‌ನಲ್ಲಿ ಬಿಡದಿಯ ಬಳಿ ಇನ್ನೊಂದು ಚಿತ್ರದ ಫೈಟ್ ತೆಗೆಯುವಾಗ ವಿದ್ಯುತ್ ತಗುಲಿ ಸಾಹಸ ಕಲಾವಿದನೊಬ್ಬ ಸತ್ತ. ನಾಯಕ ಒಂದು ಗುದ್ದಿಗೆ ಹತ್ತು ಜನರನ್ನು ಹಾರಿಸುತ್ತಾನಲ್ಲ, ಹಾರುವ ಆ ಹತ್ತು ಜನರಿಗೆ ಮನೆಯಿದೆ, ದಿನಗೂಲಿಯಿದೆ ಎಂಬುದು ಅಂಥ ದಿನ ಮಾತ್ರ ಸುದ್ದಿಯಾಗುತ್ತದೆ.

ನೋಡಿದ್ದನ್ನು ಮಕ್ಕಳು ಮಾಡುತ್ತಾರೆಯೇ ಎಂಬ ಪ್ರಶ್ನೆಯನ್ನು ತಪ್ಪಿಸಿಕೊಂಡು ಹೋಗುವಂತಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಆಲ್ಬರ್ಟ್ ಬಂಡೂರ ಎಂಬ ಮನಶ್ಶಾಸ್ತ್ರಜ್ಞರು 1960ರ ದಶಕದಲ್ಲಿ ಮಾಡಿದ ಪ್ರಯೋಗಗಳು ಪ್ರಸಿದ್ಧ. ಬೊಂಬೆಯೊಂದನ್ನು ದೊಡ್ಡವರು ಥಳಿಸುವುದನ್ನು ನೋಡಿದ ಮಕ್ಕಳು ತಾವೂ ಥಳಿಸಿದರು. ಎಲ್ಲರೂ ಇಷ್ಟಕ್ಕೇ ಈ ಪ್ರಯೋಗವನ್ನು ಉದ್ಧರಿಸಿ ಸುಮ್ಮನಾಗುತ್ತಾರೆ. 1965ರಲ್ಲಿ ಅವರು ಪ್ರಕಟಿಸಿದ ಇನ್ನೊಂದು ಪ್ರಯೋಗದಲ್ಲಿ ಒಂದೇ ಚಿತ್ರಕ್ಕೆ ಮೂರು ಬಗೆಯ ಕೊನೆ ಇತ್ತು. ಹೊಡೆದವನಿಗೆ ಒಂದರಲ್ಲಿ ಬಹುಮಾನ, ಇನ್ನೊಂದರಲ್ಲಿ ಶಿಕ್ಷೆ, ಮೂರನೆಯದರಲ್ಲಿ ಏನೂ ಇಲ್ಲ. ಶಿಕ್ಷೆಯ ಕೊನೆ ನೋಡಿದ ಮಕ್ಕಳು ಕಡಿಮೆ ಅನುಕರಿಸಿದರು. ಬಹುಮಾನದ ಕೊನೆ ನೋಡಿದವರಿಗೂ ಏನೂ ಆಗದ ಕೊನೆ ನೋಡಿದವರಿಗೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಹೊಡೆದವನಿಗೆ ಏನೂ ಆಗಲಿಲ್ಲ ಎಂದು ತೋರಿಸುವುದು ಹೆಚ್ಚೂಕಡಿಮೆ ಹಾರ ಹಾಕಿದಷ್ಟೇ ಪರಿಣಾಮ ಮಾಡಿತು. ಪ್ರಯೋಗಶಾಲೆಯ ಬೊಂಬೆಯಿಂದ ಬೀದಿಯ ಕೊಲೆಗೆ ನೇರ ದಾರಿ ಎಳೆಯುವುದನ್ನು ಸಂಶೋಧಕರೇ ಒಪ್ಪುವುದಿಲ್ಲ, ಆ ಜಗಳ ಇನ್ನೂ ನಡೆದಿದೆ. ಕೊನೆ ಮುಖ್ಯ ಎಂಬಷ್ಟನ್ನು ಮಾತ್ರ ನಾನು ಇಲ್ಲಿಂದ ಎತ್ತಿಕೊಳ್ಳುತ್ತೇನೆ.

ನಮ್ಮ ಚಲನಚಿತ್ರ ಪ್ರಮಾಣೀಕರಣ ಮಂಡಳಿಗೆ ಕೊನೆ ಮುಖ್ಯವಲ್ಲ. 1952ರ ಸಿನಿಮಾಟೋಗ್ರಾಫ್ ಕಾಯ್ದೆ, ಹಿಂಸೆಯನ್ನು ವೈಭವೀಕರಿಸಬಾರದೆನ್ನುವ 1991ರ ಮಾರ್ಗಸೂಚಿ, 2023ರ ತಿದ್ದುಪಡಿ ತಂದ ಏಳು, ಹದಿಮೂರು, ಹದಿನಾರು ವರ್ಷದ ವಿಂಗಡಣೆ ಎಲ್ಲ ಕಾಗದದ ಮೇಲೆ ಚೆನ್ನಾಗಿವೆ. ವೈಭವವನ್ನು ಕತ್ತರಿಸುವುದು ಕಷ್ಟ, ರಕ್ತವನ್ನು ಕತ್ತರಿಸುವುದು ಸುಲಭ. ಗಾಯ ಮಸುಕು ಮಾಡಿ, ರಕ್ತದ ಬಣ್ಣ ಕಪ್ಪಾಗಿಸಿ ಎಂದರೆ ಮುಗಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಏಟು ಉಳಿಯುತ್ತದೆ, ಗಾಯ ಹೋಗುತ್ತದೆ. ನೋಯದ ಏಟಿಗೆ ಮಕ್ಕಳೂ ನೋಡಬಹುದೆಂಬ ಸರ್ಟಿಫಿಕೇಟು, ನೋಯುವ ಏಟಿಗೆ ‘ಎ’. ನನಗೆ ಇದು ಪೂರ್ತಿ ತಲೆಕೆಳಗಾಗಿ ಕಾಣುತ್ತದೆ.

ಕೊನೆ ಕತ್ತರಿಸಿದರೆ ಏನಾಗಬಹುದೆಂಬುದಕ್ಕೆ ನಿಜವಾದ ಕೊಲೆಗಳ ಸಾಕ್ಷಿಯಿದೆ. ಕರಾಚಿಯ ಸಂಸ್ಥೆಯೊಂದು ಮಕ್ಕಳ ಅಪಹರಣದ ಬಗ್ಗೆ ಎಚ್ಚರಿಸಲು ಕಿರುಚಿತ್ರ ಮಾಡಿತ್ತು. ಬೀದಿಯಲ್ಲಿ ಮಕ್ಕಳು ಆಡುತ್ತಿರುತ್ತಾರೆ, ಬೈಕಿನಲ್ಲಿ ಬಂದ ಇಬ್ಬರು ಒಂದು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಮರುಕ್ಷಣ ಅವರೇ ಹಿಂತಿರುಗಿ ಮಗುವನ್ನು ಇಳಿಸಿ, ಮಗು ಕಳೆದುಹೋಗಲು ಒಂದು ಗಳಿಗೆ ಸಾಕು ಎಂಬ ಅರ್ಥದ ಫಲಕ ಹಿಡಿಯುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿದರು. ಉಳಿದ ತುಣುಕು 2018ರಲ್ಲಿ ಮಕ್ಕಳ ಕಳ್ಳರ ನಿಜದೃಶ್ಯವೆಂಬ ಹೆಸರಿನಲ್ಲಿ ಭಾರತದ ಉದ್ದಗಲಕ್ಕೂ ವಾಟ್ಸ್ಆ್ಯಪ್‌ನಲ್ಲಿ ಓಡಾಡಿತು. ಆ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೆಲಸಕ್ಕೆ ಬಂದಿದ್ದ ಯುವಕನನ್ನು ಮಕ್ಕಳ ಕಳ್ಳನೆಂದು ಗುಂಪು ಬಡಿದು ಕೊಂದಿತು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬ ಗುಂಪಿನ ಪೆಟ್ಟಿಗೆ ಸತ್ತ. ಗೆಳೆಯರೊಡನೆ ಬಂದವನು. ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟು ಕೊಟ್ಟದ್ದೇ ಅನುಮಾನಕ್ಕೆ ಕಾರಣ. ಅವರ ಕಾರು ಮುಂದಿನ ಊರು ತಲುಪುವ ಮೊದಲೇ ಸುದ್ದಿ ತಲುಪಿತ್ತು. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟು ಬಿತ್ತು. ಸುತ್ತ ನಿಂತವರು ಮೊಬೈಲಿನಲ್ಲಿ ಅದನ್ನೂ ತೆಗೆದರು. ಒಂದು ಸಂದೇಶವನ್ನು ಒಮ್ಮೆಗೆ ಐದು ಚಾಟ್‌ಗಳಿಗಷ್ಟೇ ಕಳಿಸಬಹುದೆಂಬ ಮಿತಿಯನ್ನು ವಾಟ್ಸ್ಆ್ಯಪ್ ಭಾರತದಲ್ಲಿ ಘೋಷಿಸಿದ್ದು ಆ ತಿಂಗಳಲ್ಲೇ.

ಈಗ ಪತ್ರಿಕೆಗಳ ಮಾತು. ಕ್ರೈಂ ಸುದ್ದಿ ಎಫ್‌ಐಆರ್‌ನಿಂದ ಶುರುವಾಗಿ ಆರೋಪಿಯ ಮುಖಕ್ಕೆ ಮುಸುಕು ಹಾಕಿ ಕೂರಿಸಿದ ಫೋಟೊಕ್ಕೆ ಮುಗಿಯುತ್ತದೆ. ಆಮೇಲಿನದು ನ್ಯಾಯಾಲಯದ ಕೆಲಸ, ಅಲ್ಲಿಗೆ ವರದಿಗಾರ ಹೋಗುವುದಿಲ್ಲ. 2000ದ ಮಾರ್ಚ್ 11ರಂದು ಅಂದಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಮನೆಯೊಳಗೆ ಕೂಡಿ ಸುಟ್ಟರು. ಆ ಹೆಸರು ಈ ಸಭೆಯಲ್ಲಿ ಅನೇಕರಿಗೆ ಗೊತ್ತು. ಸಾಕ್ಷಿಗಳು ತಿರುಗಿಬಿದ್ದು 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು ಎಂಬುದು ಎಷ್ಟು ಜನರಿಗೆ ಗೊತ್ತು? ಅದೇ 2014ರ ಆಗಸ್ಟ್‌ನಲ್ಲಿ ಗಂಗಾವತಿಯಲ್ಲಿ ಸಿನಿಮಾ ನೋಡಲು ಹೋದವರ ನಡುವೆ ಜಗಳವಾಯಿತು. ಅವರು ತಮ್ಮ ಊರು ಮರಕುಂಬಿಗೆ ಹಿಂತಿರುಗಿದ ಮೇಲೆ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಸಿನಿಮಾ ಯಾವುದಾದರೂ ಒಂದೇ, ಬೆಂಕಿಗೆ ಬೇಕಾದ ಸೌದೆ ಊರಿನಲ್ಲೇ ಇತ್ತು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಾಗ ದೇಶವೆಲ್ಲ ತಿರುಗಿ ನೋಡಿತು. ಮರುತಿಂಗಳೇ ಅವರಲ್ಲಿ ಬಹುತೇಕರಿಗೆ ಹೈಕೋರ್ಟಿನ ಧಾರವಾಡ ಪೀಠ ಜಾಮೀನು ಕೊಟ್ಟಿತು. ಅದನ್ನು ಓದಿದವರು ಕೈ ಎತ್ತಿ ಎಂದು ಕೇಳಲು ನನಗೆ ಸಂಕೋಚವಾಗುತ್ತದೆ. ಗುಡಿಸಲು ಕಳೆದುಕೊಂಡವರು ಈಗ ಯಾವ ಸೂರಿನ ಕೆಳಗಿದ್ದಾರೆ ಎಂಬುದನ್ನು ಇಷ್ಟು ವರ್ಷಗಳಲ್ಲಿ ಎಷ್ಟು ಪತ್ರಿಕೆಗಳು ಹೋಗಿ ನೋಡಿದವು?

ಸಂಪಾದಕರು ಇಲ್ಲಿ ಒಂದಿಬ್ಬರು ಕೂತಿದ್ದಾರೆ, ಅವರಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಜಿಲ್ಲೆಯಲ್ಲಿ ಐದು ವರ್ಷದ ಹಿಂದೆ ಮುಖಪುಟಕ್ಕೆ ಬಂದ ಕೊಲೆ, ಹಲ್ಲೆ, ಗಲಭೆಗಳ ಪಟ್ಟಿ ತೆಗೆಸಿ. ತಿಂಗಳಿಗೆ ಒಂದನ್ನಾದರೂ ಆರಿಸಿ ವರದಿಗಾರನನ್ನು ಆ ಊರಿಗೆ, ಆ ಮನೆಗೆ, ಆ ನ್ಯಾಯಾಲಯಕ್ಕೆ ಕಳಿಸಿ. ತಂದ ವರದಿಯನ್ನು ಮೊದಲ ಸುದ್ದಿ ಬಂದ ಅದೇ ಪುಟದಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ ಹಾಕಿ. ಪತ್ರಿಕೋದ್ಯಮ ವಿಭಾಗದ ವಿದ್ಯಾರ್ಥಿಗಳು ಸಂಪಾದಕರಿಗಾಗಿ ಕಾಯಬೇಕಿಲ್ಲ. ಜಿಲ್ಲಾ ನ್ಯಾಯಾಲಯದ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ, ಅಂದಂದಿನ ಪ್ರಕರಣಗಳ ಪಟ್ಟಿಯನ್ನು ಗೋಡೆಗೆ ಅಂಟಿಸಿರುತ್ತಾರೆ. ನಾಳೆಯೇ ಹೋಗಿ.